ಪೋಗ್ಸ್ ಆಲ್ಬಂ ಕೇಳೋದು ಹೇಗೆ: ಒಂದು ಭಾನುವಾರ ಮಧ್ಯಾಹ್ನ ಬಿಡುವು ಮಾಡ್ಕೊಳ್ಳಿ

ಐರಿಷ್ ಜನಪದ ಹಾಡಿಗೆ ಪಂಕ್ ರಾಕ್ ಬೆರೆಸಿ ಹಾಡ್ತಿದ್ದ ದಿ ಪೋಗ್ಸ್ ಬ್ಯಾಂಡಿನ 'ರಮ್, ಸಾಡಮಿ ಅಂಡ್ ದಿ ಲ್ಯಾಶ್' ಬಂದಿದ್ದು 1985ರಲ್ಲಿ. ನನ್ನ ಕೈಗೆ ಸಿಕ್ಕಿದ್ದು ಕಾಲೇಜ್ ದಿನಗಳಲ್ಲಿ, ಫ್ರೆಂಡ್ ಒಬ್ಬ ರೆಕಾರ್ಡ್ ಮಾಡಿಕೊಟ್ಟ ಕ್ಯಾಸೆಟ್ ಅದು, ಅವತ್ತಿಂದ ಇವತ್ತಿನವರೆಗೂ ಬಿಟ್ಟಿಲ್ಲ. ಆದ್ರೆ ಯಾರಿಗೆ ಕೇಳಿಸಿದ್ರೂ ಎರಡನೇ ಹಾಡಿಗೆಲ್ಲಾ "ಏನ್ ಗುರು ಇದು, ಬರೀ ಕುಡುಕರ ಗಲಾಟೆ" ಅಂತ ಎದ್ದು ಹೋಗ್ತಾರೆ, ನಂಗೆ ನಿಜವಾಗ್ಲೂ ಬೇಜಾರಾಗುತ್ತೆ, ಯಾಕಂದ್ರೆ ಇದು ಗಲಾಟೆ ಅಲ್ಲ, ಲಾವಣಿ. ಲಾವಣಿ ಕೇಳೋ ಥರ ಕೂತು ಕೇಳ್ಬೇಕು. ಹೇಗೆ ಅಂತ ಹೇಳ್ತೀನಿ.

ಮೊದಲು ಫೋನಲ್ಲಿ ಶಫಲ್ ಆಫ್ ಮಾಡಿ, ಆಟೋಪ್ಲೇನೂ ಆಫ್ ಮಾಡಿ. ಹಳೇ ಎಲ್‌ಪಿಯಲ್ಲಿ ಇದ್ದಿದ್ದು 12 ಹಾಡು, ಸುಮಾರು 45 ನಿಮಿಷ. ಈಗ ಆ್ಯಪ್‌ಗಳಲ್ಲಿ ಸಿಗೋ ದೊಡ್ಡ ಎಡಿಷನ್‌ಗೆ ಆಮೇಲಿನ ಹಾಡುಗಳನ್ನೂ ಸೇರಿಸಿದಾರೆ, ಚೆನ್ನಾಗೇ ಇವೆ, ಆದ್ರೆ ಮೊದಲ ಸಲ ಬೇಡ. ಎಲ್‌ಪಿಯ ಕೊನೇ ಹಾಡು 'ಅಂಡ್ ದಿ ಬ್ಯಾಂಡ್ ಪ್ಲೇಯ್ಡ್ ವಾಲ್ಟ್ಸಿಂಗ್ ಮಟಿಲ್ಡಾ' ಮುಗೀತಿದ್ದ ಹಾಗೇ ನಿಲ್ಸಿ. ಇಯರ್‌ಫೋನ್ ಬೇಡ, ಒಂದು ಸಾಧಾರಣ ಸ್ಪೀಕರ್ ಸಾಕು, ಇದು ಹಾಲಲ್ಲಿ ನಾಲ್ಕು ಜನ ಕೂತು ಕೇಳೋ ಸಂಗೀತ. ಸಾಹಿತ್ಯ ಮಾತ್ರ ಮುಂದೆ ಇಟ್ಕೊಳ್ಳಿ, ಬ್ಯಾಂಡಿನ ಗಾಯಕ ಶೇನ್ ಮೆಕ್‌ಗೋವನ್ ಉಚ್ಚಾರಣೆ ಮೊದಲ ಸಲಕ್ಕೆ ಅರ್ಧವೂ ಕಿವಿಗೆ ಸಿಗಲ್ಲ, ಅಕ್ಷರ ನೋಡ್ಕೊಂಡು ಕೇಳಿದ್ರೆ ಎಂಥ ಕವಿ ಈ ಮನುಷ್ಯ ಅಂತ ಗೊತ್ತಾಗುತ್ತೆ.

ವಾದ್ಯಗಳ ವಿಷಯಕ್ಕೆ ಬಂದ್ರೆ ನಮ್ಮ ಕಿವಿಗೆ ಹೊಸದೇನಿಲ್ಲ. ಅಕಾರ್ಡಿಯನ್ ಒಳಗಿರೋದೂ ಹಾರ್ಮೋನಿಯಂ ಒಳಗಿರೋದೂ ಒಂದೇ ಜಾತಿ ರೀಡು, ಕಂಪನಿ ನಾಟಕದ ಪೆಟ್ಟಿಗೆ ಕೇಳಿದೋರಿಗೆ ಆ ಎಳೆತ ತಕ್ಷಣ ಹಿಡಿಯುತ್ತೆ. ಟಿನ್ ವಿಸಲ್‌ಗೆ ಆರು ತೂತು, ಜಾತ್ರೆ ಪೀಪಿ ಥರ ನೇರಕ್ಕೆ ಹಿಡಿದು ಊದ್ತಾರೆ. ಬ್ಯಾಂಜೋ ಇದೆ. ಡ್ರಮ್ಮರ್ ಆಂಡ್ರೂ ರಾಂಕನ್ ದೊಡ್ಡ ಸೆಟ್ ಮಧ್ಯೆ ಕೂತ್ಕೊಳ್ಳದೆ ಒಂದೆರಡು ಡ್ರಮ್ ಮುಂದಿಟ್ಕೊಂಡು ನಿಂತೇ ಬಡೀತಾ ಇದ್ರು, ಹಾಗಾಗಿ ಆ ಪೆಟ್ಟು ತಮಟೆ ಪೆಟ್ಟಿನ ಥರ ನೆಲದಿಂದ ಬರುತ್ತೆ. ಐರಿಷ್ ಕುಣಿತದ ಜಿಗ್ ಬಂದ್ರೆ 'ತಕಿಟ ತಕಿಟ' ಅಂತ ಎಣಿಸಿ, ರೀಲ್ ಬಂದ್ರೆ 'ತಕಧಿಮಿ', ಕಾಲು ತಾನಾಗೇ ದಾರಿಗೆ ಬರುತ್ತೆ. ಈ ಆಲ್ಬಂ ಪ್ರೊಡ್ಯೂಸ್ ಮಾಡಿದ್ದು ಇಂಗ್ಲೆಂಡಿನ ಗಾಯಕ ಎಲ್ವಿಸ್ ಕಾಸ್ಟೆಲ್ಲೊ, ನುಣುಪು ಮಾಡೋಕೆ ಹೋಗ್ಲಿಲ್ಲ, ಅದಕ್ಕೇ ಇವತ್ತಿಗೂ ಎದುರಿಗೇ ನಿಂತು ಹಾಡ್ತಿದಾರೆ ಅನ್ಸುತ್ತೆ.

ಈಗ ನನ್ನ ಪ್ರಕಾರ ಮುಖ್ಯ ವಿಷಯ. ಇವರು ಐರ್ಲೆಂಡಿನ ಬ್ಯಾಂಡ್ ಅಂದ್ಕೊಂಡು ಕೇಳ್ಬೇಡಿ, 1982ರಲ್ಲಿ ಲಂಡನ್‌ನಲ್ಲಿ ಶುರುವಾದ ಬ್ಯಾಂಡ್ ಇದು. ಶೇನ್ ಹುಟ್ಟಿದ್ದೂ ಇಂಗ್ಲೆಂಡಲ್ಲೇ, ಅಪ್ಪ ಅಮ್ಮ ಐರಿಷ್, ಚಿಕ್ಕವನಿದ್ದಾಗ ಐರ್ಲೆಂಡಿನ ಟಿಪ್ಪರೇರಿಯಲ್ಲಿ ಅಮ್ಮನ ಕಡೆಯವರ ಮನೇಲಿ ಬೆಳೆದಿದ್ದು. ಬೆಂಗಳೂರಲ್ಲಿ "ನಿಮ್ಮ ಊರು ಯಾವ್ದು?" ಅಂತ ಕೇಳಿದ್ರೆ ಇಪ್ಪತ್ತು ವರ್ಷದಿಂದ ಇಲ್ಲೇ ಇರೋರೂ ಹಾಸನ, ಗದಗ, ತಿಪಟೂರು ಅಂತಾರಲ್ಲ, ಹಬ್ಬಕ್ಕೆ ಮೆಜೆಸ್ಟಿಕ್ಕಲ್ಲಿ ಬಸ್ಸಿಗೆ ನೂಕುನುಗ್ಗಲಲ್ಲಿ ನಿಲ್ತಾರಲ್ಲ, ಆ ಸಂಕಟ ಇದರ ತುಂಬಾ ಇದೆ. 'ದಿ ಓಲ್ಡ್ ಮೇನ್ ಡ್ರ್ಯಾಗ್' 16ರ ವಯಸ್ಸಿಗೆ ಲಂಡನ್‌ಗೆ ಬಂದು ಬೀದಿಪಾಲಾದ ಹುಡುಗನ ಕಥೆ, ಬಹಳ ಕಷ್ಟ ಕೇಳೋದು, ಆದ್ರೂ ಸ್ಕಿಪ್ ಮಾಡ್ಬೇಡಿ. 'ಸ್ಯಾಲಿ ಮೆಕ್ಲೆನನ್' ಊರು ಬಿಟ್ಟು ಹೋಗೋ ಗೆಳೆಯನನ್ನ ಮಳೇಲಿ ಸ್ಟೇಷನ್‌ವರೆಗೂ ಬಿಟ್ಟುಬರೋ ಹಾಡು, ಇದಕ್ಕೆ ಎದ್ದು ನಿಂತು ಕೂಗಿ ಹಾಡ್ಬೇಕು, ಪಕ್ಕದ ಮನೆಯೋರಿಗೆ ಮೊದಲೇ ಹೇಳಿಟ್ಟಿರಿ. 'ನ್ಯಾವಿಗೇಟರ್' ಬ್ರಿಟನ್ನಿನ ಕಾಲುವೆ, ರೈಲು ದಾರಿ ಕೈಯಲ್ಲಿ ಅಗೆದ ಕೂಲಿಗಳದ್ದು, ಬರೆದಿದ್ದು ಫಿಲ್ ಗ್ಯಾಸ್ಟನ್. ಇದನ್ನ ಕೇಳುವಾಗೆಲ್ಲಾ ನಂಗೆ ಮೆಟ್ರೋ ಕೆಲಸ ನಡೀತಿದ್ದಾಗ ಶೀಟ್ ಶೆಡ್ಡುಗಳ ಮುಂದೆ ಹಗ್ಗದಲ್ಲಿ ಒಣಗ್ತಿದ್ದ ಹಳದಿ ಜಾಕೆಟ್ಟುಗಳೇ ಕಣ್ಮುಂದೆ ಬರುತ್ತೆ.

'ಡರ್ಟಿ ಓಲ್ಡ್ ಟೌನ್' ಬಗ್ಗೆ ಒಂದು ಮಾತು. ಬಹಳ ಜನ ಇದನ್ನ ಡಬ್ಲಿನ್ ಹಾಡು ಅಂದ್ಕೊಂಡಿದಾರೆ, ಅಲ್ಲ, ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್ ಬಗ್ಗೆ ಯೂವನ್ ಮೆಕಾಲ್ 1949ರಲ್ಲಿ ಬರೆದಿದ್ದು. ಫ್ಯಾಕ್ಟರಿ, ಕಾಲುವೆ, ಹೊಗೆ, ಅದರ ಮಧ್ಯೆ ಒಂದು ಪ್ರೀತಿ. ನಮ್ಮ ತಾತ ಬಿನ್ನಿ ಮಿಲ್ಲಲ್ಲಿ ಇದ್ದೋರು, ಮಿಲ್ಲಿನ ಸೈರನ್‌ಗೆ ಗಡಿಯಾರ ಸರಿ ಮಾಡ್ಕೊಳ್ತಿದ್ರು ಅಂತ ಮನೇಲಿ ಹೇಳ್ತಾರೆ, ಹಾಗಾಗಿ ಈ ಹಾಡು ನಂಗೆ ಬೇರೆ ದೇಶದ್ದು ಅಂತ ಅನ್ಸೋದೇ ಇಲ್ಲ.

ಕೊನೇ ಹಾಡಿಗೆ ಮುಂಚೆ ಕಾಫಿ ಲೋಟ ಎಲ್ಲಾ ಎತ್ತಿಟ್ಟುಬಿಡಿ, ಮಧ್ಯೆ ಯಾರೂ ಏಳಬಾರದು. ಎಂಟು ನಿಮಿಷಕ್ಕಿಂತ ಜಾಸ್ತಿ ಇದೆ. ಎರಿಕ್ ಬೋಗಲ್ 1971ರಲ್ಲಿ ಬರೆದಿದ್ದು, 1915ರಲ್ಲಿ ಟರ್ಕಿಯ ಗಲಿಪೊಲಿ ಯುದ್ಧಕ್ಕೆ ಹೋಗಿ ಎರಡೂ ಕಾಲು ಕಳ್ಕೊಂಡು ಬರೋ ಆಸ್ಟ್ರೇಲಿಯಾ ಹುಡುಗನ ಕಥೆ. ಶೇನ್ ತೀರಿಕೊಂಡಿದ್ದು 2023ರ ನವೆಂಬರ್ 30ಕ್ಕೆ, ಮುಂದಿನ ಭಾನುವಾರ ನಾವು ನಾಲ್ಕು ಜನ ಹನುಮಂತನಗರದ ನಮ್ಮನೆ ಹಾಲಲ್ಲಿ ಕೂತು ಇಡೀ ಆಲ್ಬಂ ಕೇಳಿದ್ವಿ. ಅಜ್ಜಿ ಮೂಲೇಲಿ ಮೊರ ಇಟ್ಕೊಂಡು ಅವರೆಕಾಯಿ ಸುಲೀತಾ ಇದ್ರು, ಹನ್ನೊಂದು ಹಾಡು ಆಗೋವರೆಗೂ ತಲೆ ಎತ್ತಲಿಲ್ಲ. ಈ ಹಾಡಿಗೆ ಕೈ ನಿಂತುಹೋಯ್ತು. "ಯಾರೋ ಹೋಗ್ಬಿಟ್ರು?" ಅಂದ್ರು. ಕಥೆ ಹೇಳ್ದೆ, ಹಡಗಲ್ಲಿ ವಾಪಸ್ ಬಂದ ಅಂದೆ. "ಕರ್ಕೊಂಡು ಹೋಗೋಕೆ ಅವರಮ್ಮ ಬಂದಿದ್ಲಾ?" ಇಲ್ಲ ಅಜ್ಜಿ, ಯಾರೂ ಬಂದಿಲ್ವಲ್ಲ ಸದ್ಯ ಅಂದ್ಕೋತಾನೆ ಅವನು. ಅಜ್ಜಿ ಮೊರ ಪಕ್ಕಕ್ಕೆ ಸರಿಸಿ ಹಾಡು ಮುಗಿಯೋವರೆಗೂ ಸ್ಪೀಕರನ್ನೇ ನೋಡ್ತಾ ಕೂತಿದ್ರು. ಇಂಗ್ಲಿಷ್ ಒಂದಕ್ಷರ ಬರಲ್ಲ ಅವರಿಗೆ.

ಅವತ್ತಿಗೆ ಅಷ್ಟೇ, ಬೇರೆ ಏನೂ ಹಾಕ್ಬೇಡಿ. ಒಂದು ವಾರ ಬಿಟ್ಟು ಇನ್ನೊಂದ್ಸಲ ಇದನ್ನೇ ಕೇಳಿ, ಅದಾದ್ಮೇಲೆ 1988ರ 'ಇಫ್ ಐ ಶುಡ್ ಫಾಲ್ ಫ್ರಮ್ ಗ್ರೇಸ್ ವಿತ್ ಗಾಡ್'ಗೆ ಹೋಗಿ. 'ಫೇರಿಟೇಲ್ ಆಫ್ ನ್ಯೂಯಾರ್ಕ್' ಇರೋದು ಅದ್ರಲ್ಲೇ. ಅಲ್ಲಿ ಶೇನ್ ಜೊತೆ ಹಾಡಿರೋ ಕರ್ಸ್ಟಿ ಮೆಕಾಲ್ ಬೇರೆ ಯಾರೂ ಅಲ್ಲ, 'ಡರ್ಟಿ ಓಲ್ಡ್ ಟೌನ್' ಬರೆದ ಯೂವನ್ ಮೆಕಾಲ್ ಮಗಳು.