ಅಮ್ಮನ ಹೆಜ್ಜೆಯ ಲೆಕ್ಕ ಸಿಕ್ಕಿದ್ದು ಕಣಕಾಲಿನಲ್ಲಿ

ಮೊಣಕಾಲಿನ ಕೀಲು ಬದಲಿಸಿದ ಮೇಲೆ ಅಮ್ಮ ವಾಕರ್ ಹಿಡಿದು ಪಡಸಾಲೆಯಲ್ಲಿ ನಡೆಯಲು ಆರಂಭಿಸಿದಾಗ, ದಿನಕ್ಕೆಷ್ಟು ಹೆಜ್ಜೆ ಎಂದು ಬರೆದಿಡುವಂತೆ ಫಿಸಿಯೋಥೆರಪಿಯವರು ಹೇಳಿದ್ದರು. ಸುಮಾರು 1,800 ರೂಪಾಯಿ ಕೊಟ್ಟು ಕೈಗೆ ಕಟ್ಟುವ ಬ್ಯಾಂಡ್ ತಂದೆ. ಮೊದಲ ದಿನ ಸಂಜೆ ಅದು ತೋರಿಸಿದ್ದು 41. "ಬೆಳಿಗ್ಗೆಯಿಂದ ಕಾಲು ಸೇದೋ ಹಾಗೆ ನಡೆದಿದ್ದೀನಿ, ನಲವತ್ತೊಂದೇ ಅಂತೆ! ವಾಪಸ್ ಕೊಟ್ಟು ಬಾರೋ" ಎಂದಳು ಅಮ್ಮ.

ನಿಜ ಎಷ್ಟೆಂದು ತಿಳಿಯಲು, ಜಪಕ್ಕೆ ಬೆರಳಿಗೆ ಹಾಕಿಕೊಳ್ಳುವ ಅರವತ್ತು ರೂಪಾಯಿಯ ಕೌಂಟರನ್ನು ಹಿಡಿದು ಅವಳ ಹಿಂದೆಯೇ ನಡೆದೆ. ನಾನು ಒತ್ತಿದ್ದು 200, ಬ್ಯಾಂಡ್ ಹೇಳಿದ್ದು ಹದಿನೈದೋ ಹದಿನಾರೋ. ಕೈ ವಾಕರಿನ ಮೇಲೆ ಕದಲದೆ ಕೂತಿದ್ದರೆ ಮಣಿಕಟ್ಟಿನಲ್ಲಿರುವ, ಅಲುಗಾಟವನ್ನು ಅಳೆಯುವ ಆಕ್ಸಿಲರೋಮೀಟರಿಗೆ ಸಿಗುವುದಾದರೂ ಏನು? ಸಾಲದ್ದಕ್ಕೆ, ಸತತವಾಗಿ ಕೆಲವು ಹೆಜ್ಜೆ ಬೀಳುವವರೆಗೆ ಇಂಥ ಬ್ಯಾಂಡುಗಳು ಎಣಿಕೆಯನ್ನೇ ಆರಂಭಿಸುವುದಿಲ್ಲ. ಅಮ್ಮನೋ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುವವಳು. ತಮ್ಮನ ಮಾತು ಕೇಳಿ 4,500 ರೂಪಾಯಿಯ ಇನ್ನೊಂದನ್ನು ತಂದೆ. ಅದು ಇನ್ನೂರಕ್ಕೆ ಎಪ್ಪತ್ತರ ಆಸುಪಾಸು ತೋರಿಸಿತು. ಅದೇ ಬ್ಯಾಂಡನ್ನು ನನ್ನ ಹೆಂಡತಿ ಕಟ್ಟಿಕೊಂಡು ಹದಿನೈದು ಚಪಾತಿ ಲಟ್ಟಿಸಿದಾಗ, ನಿಂತಲ್ಲೇ ಮುನ್ನೂರಕ್ಕೂ ಹೆಚ್ಚು ಹೆಜ್ಜೆ ನಡೆದಂತಾಯಿತು. ಭಜನೆಯಲ್ಲಿ ಚಪ್ಪಾಳೆ ತಟ್ಟಿಯೂ ನೋಡಿದೆ. ಅದರಲ್ಲೂ ಒಳ್ಳೆಯ ಅಂಕ ಬಂತು.

ನಾನೇ ಒಂದನ್ನು ಮಾಡುತ್ತೇನೆಂದಾಗ ಗೆಳೆಯರು ನಕ್ಕರು. "ಅದರಲ್ಲಿರುವುದೂ ಇಂಥದೇ ಸೆನ್ಸರ್, ನಿನ್ನದಕ್ಕೇನು ಕೋಡು ಬರುತ್ತದೆಯೇ" ಎಂದ ಅವರ ಪ್ರಶ್ನೆ ನ್ಯಾಯವಾಗಿಯೇ ಇದ್ದುದರಿಂದ ಇನ್ನಷ್ಟು ಚುಚ್ಚಿತು. ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ಚಲನೆಯನ್ನು ಅಳೆಯುವ ಎಂಪಿಯು-6050 ಸೆನ್ಸರ್ ಮಾಡ್ಯೂಲ್, ಪ್ರೋಗ್ರಾಂ ಓಡಿಸುವ 3.3 ವೋಲ್ಟಿನ ಪುಟ್ಟ ಪ್ರೊ ಮಿನಿ ಬೋರ್ಡ್, ಸಣ್ಣ ಲಿಥಿಯಂ ಪಾಲಿಮರ್ ಬ್ಯಾಟರಿ ಮತ್ತು ಟಿಪಿ-4056 ಚಾರ್ಜಿಂಗ್ ಬೋರ್ಡ್ ತಂದೆ. ಎಲ್ಲ ಸೇರಿ ಎಂಟುನೂರು ಚಿಲ್ಲರೆ.

ಮೊದಲ ತಪ್ಪು ಚಾರ್ಜಿಂಗಿನಲ್ಲಿ ಆಯಿತು. ಆ ಬೋರ್ಡಿನಲ್ಲಿ ಬರುವ 1.2 ಕಿಲೋ ಓಮ್ ರೆಸಿಸ್ಟರ್ ಸುಮಾರು 1 ಆಂಪಿಯರ್ ಹರಿಸುತ್ತದೆ, ಸಣ್ಣ ಬ್ಯಾಟರಿಗೆ ಅದು ವಿಪರೀತ ಎಂಬುದು ಗೊತ್ತಿದ್ದೂ, ಆಮೇಲೆ ಬದಲಿಸಿದರಾಯಿತು ಎಂದು 300 ಮಿಲಿಆಂಪ್‌ಅವರಿನ ಬ್ಯಾಟರಿಯನ್ನು ಹಾಗೆಯೇ ಸಿಕ್ಕಿಸಿ ಊಟಕ್ಕೆ ಹೋದೆ. ಬರುವಷ್ಟರಲ್ಲಿ ಅದು ಪೂರಿಯಂತೆ ಉಬ್ಬಿತ್ತು. 10 ಕಿಲೋ ಓಮ್ ಹಾಕಿ 130 ಮಿಲಿಆಂಪಿಯರಿಗೆ ಇಳಿಸಿದ ಮೇಲೆ ಆ ತೊಂದರೆ ಬರಲಿಲ್ಲ, ಆದರೆ ಬ್ಯಾಟರಿಯ ಇನ್ನೂರೈವತ್ತು ರೂಪಾಯಿ ಹೋಯಿತು.

ಎರಡನೆಯ ತಪ್ಪಿಗೆ ಎರಡು ತಿಂಗಳು ಹಿಡಿಯಿತು. ಸೆನ್ಸರನ್ನು ಕಣಕಾಲಿಗೆ ಕಟ್ಟಿ, ಪಾದ ನೆಲಕ್ಕೆ ಬಡಿದಾಗ ಬರುವ ಏಟನ್ನು ಎಣಿಸಹೊರಟಿದ್ದೆ. ಅಮ್ಮ ಪಾದವನ್ನು ಎತ್ತಿ ಇಡುವುದೇ ಇಲ್ಲ, ಸವರಿಕೊಂಡು ಹೋಗುತ್ತಾಳೆ. ಏಟು ಎಲ್ಲಿಂದ ಬರಬೇಕು? ಎಷ್ಟು ಏಟು ಬಿದ್ದರೆ ಹೆಜ್ಜೆ ಎಂಬ ಮಿತಿಯನ್ನು ಇಳಿಸುತ್ತಾ ಹೋದಾಗ ಮನೆಯೊಳಗಿನ ಲೆಕ್ಕವೇನೋ ಸರಿಹೋಯಿತು, ಆದರೆ ತಪಾಸಣೆಗೆಂದು ಆಟೋದಲ್ಲಿ ಆಸ್ಪತ್ರೆಗೆ ಹೋಗಿಬಂದ ದಿನ, ರಸ್ತೆಯ ಹಳ್ಳಗಳ ಕೃಪೆಯಿಂದ, ಎರಡು ಸಾವಿರಕ್ಕೂ ಮೀರಿ ದಾಖಲಾಗಿತ್ತು. ಅಂದು ತಮ್ಮ ನನ್ನನ್ನು ಬಿಡದೆ ಆಡಿಕೊಂಡ.

ಅದೇ ಚಿಪ್ಪಿನಲ್ಲಿ, ತಿರುಗುವ ವೇಗವನ್ನು ಅಳೆಯುವ ಗೈರೋಸ್ಕೋಪ್ ಇದ್ದೂ ಅದನ್ನು ನಾನು ಓದುತ್ತಲೇ ಇರಲಿಲ್ಲ. ಎಷ್ಟೇ ಮೆಲ್ಲಗೆ ನಡೆದರೂ, ಪಾದವನ್ನು ಎಳೆದುಕೊಂಡೇ ಹೋದರೂ, ಮುಂದಕ್ಕೆ ಹೋಗಬೇಕಾದರೆ ಕಣಕಾಲು ಲೋಲಕದಂತೆ ತೂಗಲೇಬೇಕು; ಆಟೋದ ಕುಲುಕಾಟದಲ್ಲಿ ಅದು ಹಾಗೆ ತೂಗುವುದಿಲ್ಲ. ನನ್ನ ಕಾಲಿನಲ್ಲಿ ಆ ತೂಗಾಟದ ವೇಗ ಸೆಕೆಂಡಿಗೆ ಮುನ್ನೂರು ಡಿಗ್ರಿಯ ಹತ್ತಿರ ಬಂದರೆ, ಅಮ್ಮನ ಒಳ್ಳೆಯ ಕಾಲಿನಲ್ಲಿ ನೂರರ ಸುತ್ತ, ಶಸ್ತ್ರಚಿಕಿತ್ಸೆಯಾದ ಕಾಲಿನಲ್ಲಿ ಅರವತ್ತೋ ಎಪ್ಪತ್ತೋ ಬಂತು. ಒಳ್ಳೆಯ ಕಾಲಿಗೇ ಕಟ್ಟಿ, ಮಿತಿಯನ್ನು ನಲವತ್ತೈದರಲ್ಲಿಟ್ಟು, ವೇಗದ ಒಂದು ಶಿಖರದ ನಂತರ ಮುಕ್ಕಾಲು ಸೆಕೆಂಡು ಏನನ್ನೂ ಎಣಿಸದೆ ಕಣ್ಣು ಮುಚ್ಚಿಕೊಳ್ಳುವಂತೆ ಪ್ರೋಗ್ರಾಂ ಬರೆದು, ಬಂದದ್ದನ್ನು ಎರಡರಿಂದ ಗುಣಿಸಿದೆ. ಐನೂರು ಹೆಜ್ಜೆಯ ಮೂರು ಪರೀಕ್ಷೆಗಳಲ್ಲಿ ನೆನಪಿರುವಂತೆ 488, 494, 506 ಬಂದವು. ಆ ರಾತ್ರಿ ತಮ್ಮನಿಗೆ ಫೋಟೋ ಕಳಿಸುವಾಗ ಏನನ್ನೂ ಬರೆಯಲಿಲ್ಲ, ಬರೆಯುವ ಅಗತ್ಯವಿರಲಿಲ್ಲ.

ಇದಕ್ಕೂ ಒಂದು ಕಳ್ಳದಾರಿ ಇತ್ತು. ಮಂಚದ ಮೇಲೆ ಕೂತು ಕಾಲು ಆಡಿಸಿದರೆ ಲೆಕ್ಕ ಏರುತ್ತದೆಂದು ಅಮ್ಮ ಎರಡೇ ದಿನದಲ್ಲಿ ಕಂಡುಹಿಡಿದಳು. ಅದನ್ನು ಮುಚ್ಚಿದ ಬಗೆಯನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ನೆಲಕ್ಕೆ ಊರಿದ ಕಾಲು ತೂಗುವ ಕಾಲಿಗಿಂತ ಹೇಗೆ ಬೇರೆ ಎಂದು ಗ್ರಾಫನ್ನು ದಿಟ್ಟಿಸಿದವರಿಗೆ ತಾನಾಗಿ ಹೊಳೆಯುತ್ತದೆ. ಪಟ್ಟಿ ಜಾರದಂತೆ ಒಳಗೆ ಹೊಲಿದಿರುವ ಬಟ್ಟೆ ಯಾವುದೆಂಬುದೂ ಸದ್ಯ ನನ್ನಲ್ಲೇ ಇರಲಿ.

ದಿನಕ್ಕೆ ಹತ್ತು ಸಾವಿರ ಆಗಲೇಬೇಕೆಂದು ತಮ್ಮ ಆಗಾಗ ಹೇಳುತ್ತಿದ್ದ. ಆ ಸಂಖ್ಯೆಯ ಬೇರು 1960ರ ದಶಕದ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಮಾಪಕವೊಂದರ ಹೆಸರಿನಲ್ಲಿದೆ ಎಂದು ತಿಳಿಸಿದ ಮೇಲೆ ಸುಮ್ಮನಾದ. ಅಮ್ಮ ಈಗ ಒಂಬೈನೂರರ ಹತ್ತಿರವಿದ್ದಾಳೆ. ಫಿಸಿಯೋಥೆರಪಿಯವರೂ ಒಮ್ಮೆ ತಾವೇ ಎಣಿಸಿ ನೋಡಿ, ನನ್ನ ಅಂಕಿಗಳನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ನಕ್ಕ ಗೆಳೆಯರಲ್ಲೊಬ್ಬ, ಊರುಗೋಲು ಹಿಡಿದು ನಡೆಯುವ ತನ್ನ ತಂದೆಗೂ ಒಂದು ಬೇಕೆಂದು ಕೇಳಿದ್ದಾನೆ.

ಪಡಸಾಲೆಯ ತುದಿಯಲ್ಲಿ ಅಮ್ಮ ತಿರುಗುವಾಗ ಇಡುವ ಅಂಗುಲದಂಥ ಪುಟ್ಟ ಹೆಜ್ಜೆಗಳು ಮಾತ್ರ ಇನ್ನೂ ತಪ್ಪಿಹೋಗುತ್ತಿವೆ, ಒಂದು ತಿರುವಿಗೆ ಎರಡೋ ಮೂರೋ. ಅಲ್ಲಿ ಕಾಲು ತೂಗುವುದಕ್ಕಿಂತ ಹೊರಳುವುದೇ ಹೆಚ್ಚಾದ್ದರಿಂದ, ಈ ವಾರ ಗೈರೋದ ಇನ್ನೊಂದು ಅಕ್ಷವನ್ನೂ ಓದಲು ಆರಂಭಿಸಿದ್ದೇನೆ.