ಉಪನಿಷತ್ ಪಾಠವನ್ನು ನಾರದನ ದುಃಖದಿಂದ ಆರಂಭಿಸಿದ್ದು: ನನ್ನ ಅನುಭವ

ಊರುಗಳಲ್ಲಿ ವೇದಾಂತ ಪಾಠ ನಡೆಸುವವರು ಸಾಮಾನ್ಯವಾಗಿ ತತ್ತ್ವಬೋಧವೆಂಬ ಪ್ರವೇಶ ಗ್ರಂಥದಿಂದ ಹೊರಟು ಸಾಧನ ಚತುಷ್ಟಯ (ಸಾಧಕನಿಗೆ ಬೇಕಾದ ನಾಲ್ಕು ಅರ್ಹತೆಗಳು), ಪಂಚಕೋಶ (ಆತ್ಮನನ್ನು ಮುಚ್ಚಿದ ಐದು ಪದರಗಳು) ಎಂದು ಕ್ರಮವಾಗಿ ಸಾಗುತ್ತಾರೆ. ನಾನು ಅದನ್ನು ಬಿಟ್ಟು ಛಾಂದೋಗ್ಯ ಉಪನಿಷತ್ತಿನ 7ನೆಯ ಅಧ್ಯಾಯವನ್ನೇ, ಅಂದರೆ ದುಃಖ ಹೊತ್ತ ನಾರದ ಗುರುವಿನ ಬಳಿಗೆ ಬರುವ ಭಾಗವನ್ನೇ, ಮೊದಲು ಹಿಡಿಯುತ್ತೇನೆಂದಾಗ, ತಳಪಾಯವಿಲ್ಲದೆ ಗೋಡೆ ಏಳುವುದಿಲ್ಲವೆಂದು ಹಿರಿಯರು ಎಚ್ಚರಿಸಿದ್ದರು. ಈಗ ವಾರವಾರವೂ ನಲವತ್ತರ ಆಸುಪಾಸಿನಲ್ಲಿ ಜನ ಬರುತ್ತಾರೆ. ಅವರಲ್ಲಿ ಬಹುಪಾಲು ಮಂದಿ ಮೊದಲಿನಿಂದಲೂ ಇದ್ದವರು.

ಅದಕ್ಕೆ ಮುಂಚೆ ಉಪನ್ಯಾಸಮಾಲೆಗಳನ್ನು ಏರ್ಪಡಿಸುತ್ತಿದ್ದೆವು. ಸಂಭಾವನೆ, ಶಾಮಿಯಾನ, ಮೈಕ್, ಫಲಾಹಾರ ಎಲ್ಲ ಸೇರಿ ಒಂದೊಂದಕ್ಕೆ ಮೂವತ್ತು ಮೂವತ್ತೈದು ಸಾವಿರ ರೂಪಾಯಿ ಖರ್ಚಾಗುತ್ತಿತ್ತು. ಮೊದಲ ದಿನ ತುಂಬಿದ ಸಭೆ ನಾಲ್ಕನೆಯ ದಿನಕ್ಕೆ ಹತ್ತು ಹನ್ನೆರಡು ಮಂದಿಗೆ ಇಳಿಯುತ್ತಿತ್ತು. ವಿದ್ವಾಂಸರ ಮಾತಿನಲ್ಲಿ ಕೊರತೆಯಿರಲಿಲ್ಲ. ಕೇಳುವವರಿಗೆ ಇನ್ನೂ ಹುಟ್ಟದ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುತ್ತಿತ್ತು, ಅಷ್ಟೆ. ಈಗ ನೆರಳಚ್ಚಿನ ಹಾಳೆಗಳಿಗೂ ಕಾಫಿಗೂ ತಿಂಗಳಿಗೆ ಸಾವಿರ ರೂಪಾಯಿ ಸಾಕು.

ನಾರದ ತಾನು ಕಲಿತ ವಿದ್ಯೆಗಳನ್ನೆಲ್ಲ ಗುರು ಸನತ್ಕುಮಾರನ ಮುಂದೆ ಎಣಿಸಿ, ಮಂತ್ರಗಳನ್ನು ಬಲ್ಲೆ, ಆತ್ಮನನ್ನು ಅರಿಯೆ, ದುಃಖದಲ್ಲಿದ್ದೇನೆ ಎನ್ನುವ ಭಾಗವನ್ನು ಓದಿದ ದಿನ, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರೊಬ್ಬರು, "ಅಷ್ಟೆಲ್ಲ ಓದಿದವರಿಗೂ ದುಃಖ ಹೋಗಲಿಲ್ಲವೇ ಸ್ವಾಮಿ?" ಎಂದು ಕೇಳಿದರು. ನಾನು ವಿವರಿಸಲು ಹೋಗದೆ ಮುಂದಿನ ವಾಕ್ಯವನ್ನು ಓದಿದೆ. ಮುಂದಿನ ವಾರ ಅವರು ಹೆಂಡತಿಯನ್ನೂ ಕರೆತಂದರು.

ಗೀತೆ ಆರ್ತ (ನೊಂದವನು), ಜಿಜ್ಞಾಸು (ತಿಳಿಯಬಯಸುವವನು), ಅರ್ಥಾರ್ಥಿ (ಸಂಪತ್ತು ಬಯಸುವವನು), ಜ್ಞಾನಿ ಎಂದು ಭಜಿಸುವವರನ್ನು ನಾಲ್ಕು ಬಗೆಯಾಗಿ ಹೇಳುವುದರಿಂದ, ಆರ್ತರನ್ನೂ ಜಿಜ್ಞಾಸುಗಳನ್ನೂ ಕೆಲವು ತಿಂಗಳು ಬೇರೆಬೇರೆಯಾಗಿ ಕೂರಿಸಿ ನೋಡಿದೆ. ಜಿಜ್ಞಾಸುಗಳ ಗುಂಪು ವಾದಕ್ಕೆ ತಿರುಗಿತು, ಆರ್ತರ ಗುಂಪು ಮಾತೇ ಆಡಲಿಲ್ಲ. ಮತ್ತೆ ಒಟ್ಟಿಗೆ ಕೂರಿಸಿದ ಮೇಲೆ ಒಬ್ಬರ ನೋವು ಇನ್ನೊಬ್ಬರ ಪ್ರಶ್ನೆಗೆ ತೂಕ ಕೊಟ್ಟಿತು. ಕಾಲೇಜಿನ ಹುಡುಗರಿಗೆ ಮಾತ್ರ ನಾರದನಿಗಿಂತ, ಯಮನನ್ನೇ ಪ್ರಶ್ನಿಸಿದ ಕಠೋಪನಿಷತ್ತಿನ ಹುಡುಗ ನಚಿಕೇತನೇ ಹತ್ತಿರವಾಗುತ್ತಾನೆ.

ಸನತ್ಕುಮಾರ ನಾರದನಿಗೆ ಒಂದಕ್ಕಿಂತ ಒಂದು ಹಿರಿದೆಂದು ತೋರಿಸುವ, ನಾಮದಿಂದ ಪ್ರಾಣದವರೆಗಿನ ಹದಿನೈದು ಮೆಟ್ಟಿಲುಗಳನ್ನು ವಾರಕ್ಕೆ ಒಂದರಂತೆ ಹತ್ತುತ್ತೇವೆ. ಪ್ರತಿಯೊಂದರಲ್ಲೂ ನಾರದ ಇದಕ್ಕಿಂತ ಹಿರಿದುಂಟೇ ಎಂದು ಕೇಳುತ್ತಾನೆ. ಪ್ರಾಣಕ್ಕೆ ಬಂದಾಗ ಕೇಳುವುದನ್ನು ನಿಲ್ಲಿಸುತ್ತಾನೆ, ಗುರುವೇ ಅವನನ್ನು ಮುಂದಕ್ಕೆ ಒಯ್ಯುತ್ತಾನೆ. ನಮ್ಮ ಪಾಠವೂ ಪ್ರತಿ ಸುತ್ತಿನಲ್ಲಿ ಅಲ್ಲಿಯೇ ತಣ್ಣಗಾಗುತ್ತದೆ. ಆ ವಾರ ನಾನು ಕೇಳುವ ಒಂದು ಪ್ರಶ್ನೆಯನ್ನು ಇಲ್ಲಿ ಬರೆಯಲಾರೆ, ಏಕೆಂದರೆ ಮೊದಲೇ ತಿಳಿದವರನ್ನು ಅದು ತಟ್ಟುವುದಿಲ್ಲ. ಅದನ್ನು ದಾಟಿ, ಅಲ್ಪದಲ್ಲಿ ಸುಖವಿಲ್ಲ, ಭೂಮವೇ (ಮಿತಿಯಿಲ್ಲದ ಹಿರಿದೇ) ಸುಖ ಎಂಬ ಮಾತಿಗೆ ಬಂದಾಗ ಯಾರಿಗೂ ವ್ಯಾಖ್ಯಾನ ಬೇಕಾಗುವುದಿಲ್ಲ. ಜನರನ್ನು ಬಾಗಿಲವರೆಗೆ ತರುವುದು ದುಃಖವಾದರೂ, ವರ್ಷಗಟ್ಟಲೆ ಕೂರಿಸುವುದು ದೊರೆತದ್ದೆಲ್ಲ ಸಾಲದೆನ್ನುವ ಈ ಅತೃಪ್ತಿಯೇ ಎಂದು ನಾನು ಗಟ್ಟಿಯಾಗಿ ಹೇಳಬಲ್ಲೆ.

ಮುಂದಿನ ಸುತ್ತನ್ನು ಬೃಹದಾರಣ್ಯಕ ಉಪನಿಷತ್ತಿನ ಮೈತ್ರೇಯಿಯಿಂದ ಆರಂಭಿಸುವವನಿದ್ದೇನೆ. ಗಂಡನ ಸಂಪತ್ತಿನ ಪಾಲು ಕೈಗೆ ಬರುವ ಹೊತ್ತಿನಲ್ಲಿ, ಇದರಿಂದ ಅಮೃತತ್ವ ದೊರೆಯುವುದೇ ಎಂದು ಕೇಳಿದ ಆಕೆಯನ್ನು, ಆಸ್ತಿ ಹಿಸ್ಸೆಯಾದ ಮನೆಗಳಿಂದ ಬರುವ ನಮ್ಮ ಶ್ರೋತೃಗಳು ಹೇಗೆ ಸ್ವೀಕರಿಸುತ್ತಾರೆಂದು ನೋಡಬೇಕಾಗಿದೆ.