ಮೊದಲು ನಾನು, ಆಮೇಲೆ ಸಾಮಾನು: ಗದಗಿನಿಂದ ನವನಗರಕ್ಕೆ ಬಂದ ಬಗೆ

ಮಾರ್ಚ್‌ನಲ್ಲಿ ಧಾರವಾಡದ ಕೆಲಸದ ಆರ್ಡರ್ ಕೈಗೆ ಬಂತು. ಏಪ್ರಿಲ್ ಮೊದಲ ವಾರವೇ ಹಾಜರಾಗಬೇಕಿತ್ತು. ಮನೆಯಲ್ಲಿ ಎಲ್ಲರೂ ಅಪ್-ಡೌನ್ ಮಾಡು ಎಂದರು. ನಮ್ಮ ಯಜಮಾನರು ಗದಗಿನಿಂದ ಹುಬ್ಬಳ್ಳಿಗೆ ದಿನಾ ಓಡಾಡುತ್ತಿದ್ದವರೇ. ಆದರೆ ಅದು ಸುಮಾರು 60 ಕಿಲೋಮೀಟರ್. ನನಗೆ ಅಲ್ಲಿಂದ ಮುಂದೆ ಮತ್ತೆ 20. ದಿನಕ್ಕೆ ನಾಲ್ಕು ತಾಸು ದಾರಿಯಲ್ಲೇ ಹೋದರೆ ಐದನೇ ತರಗತಿಯ ಮಗಳನ್ನು, ಎಪ್ಪತ್ತು ದಾಟಿದ ಅತ್ತೆಯವರನ್ನು ನೋಡುವುದು ಯಾವಾಗ? ಮನೆಯನ್ನೇ ಬದಲಿಸೋಣ ಅಂದೆ.

ಆದರೆ ಎಲ್ಲರೂ ಒಮ್ಮೆಲೇ ಹೊರಡಲಿಲ್ಲ. ಏಪ್ರಿಲ್ ಪೂರ್ತಿ ನಾನೊಬ್ಬಳೇ ಧಾರವಾಡದಲ್ಲಿ ಪಿಜಿಯಲ್ಲಿದ್ದೆ. ಒಂದು ತಿಂಗಳ ಬಾಡಿಗೆ ಸುಮ್ನೆ ದಂಡ ಅಂತ ಕೆಲವರು ಹೇಳಿದರು. ನನಗೆ ಹಾಗನಿಸಲಿಲ್ಲ. ಕೆಲಸ ನನಗೆ ಒಗ್ಗುತ್ತದೋ ಇಲ್ಲವೋ ಎಂಬುದು ಆ ತಿಂಗಳಲ್ಲೇ ಗೊತ್ತಾಯಿತು. ಮನೆಯನ್ನೂ ಅವಸರ ಮಾಡದೆ ಹುಡುಕಿದೆ.

ಮೊದಲು ನೋಡಿದ ಮನೆ ಬಹಳ ಹಿಡಿಸಿತ್ತು. ಗಾಳಿ, ಬೆಳಕು, ಬಾಡಿಗೆ ಎಲ್ಲ ಸರಿ. ನೀರು ಕೇಳಿದಾಗ ಮಾಲಕರು "ತೊಂದ್ರಿ ಏನಿಲ್ಲ" ಎಂದರು. ಅಡ್ವಾನ್ಸ್ ಕೊಡುವ ಮೊದಲು ಒಂದು ಸಂಜೆ ಕೆಲಸ ಮುಗಿಸಿ ಮತ್ತೆ ಆ ಓಣಿಗೆ ಹೋದೆ. ಮನೆ ಮನೆ ಮುಂದೆ ಬ್ಯಾರಲ್ ಸಾಲು. ಎದುರು ಮನೆಯ ಅಜ್ಜಿಯನ್ನು ಕೇಳಿದೆ. "ಎಂಟ್ ದಿನಕ್ಕೊಮ್ಮೆ ಬರ್ತೈತಿ ತಂಗಿ. ಒಮ್ಮೊಮ್ಮೆ ನಡುರಾತ್ರ್ಯಾಗ ಬಿಡ್ತಾರ" ಎಂದರು. ಆ ಮನೆಗೆ ಸಂಪೂ ಇರಲಿಲ್ಲ. ಹಗಲೆಲ್ಲ ಹೊರಗೆ ಇರುವವಳು ನಾನು, ರಾತ್ರಿ ನೀರು ಯಾರು ಹಿಡಿಯಬೇಕು?

ಗದಗ-ಬೆಟಗೇರಿಯಲ್ಲಿ ಬೆಳೆದವಳಿಗೆ ನೀರು ಕಾಯುವುದು ಹೊಸದಲ್ಲ. ಆದರೆ ಹುಬ್ಬಳ್ಳಿ-ಧಾರವಾಡದಲ್ಲಿ ಒಂದು ವಾರ್ಡಿಗೂ ಇನ್ನೊಂದಕ್ಕೂ ಬಹಳ ಫರಕು. ಕೆಲವು ಕಡೆ ದಿನವಿಡೀ ನಳದಲ್ಲಿ ನೀರು, ಕೆಲವು ಕಡೆ ವಾರ ಕಾಯಬೇಕು. ಬಾಡಿಗೆಗಿಂತ ಮೊದಲು ಇದನ್ನು ಕೇಳಿ. ಮಾಲಕರನ್ನಲ್ಲ, ಅಕ್ಕಪಕ್ಕದವರನ್ನು. ಸಂಪು ಎಷ್ಟು ದೊಡ್ಡದು, ಅದನ್ನು ಎಷ್ಟು ಮನೆಯವರು ಬಳಸುತ್ತಾರೆ ಎಂಬುದನ್ನೂ ಕೇಳಿ.

ಕೊನೆಗೆ ನವನಗರದಲ್ಲಿ ಮನೆ ಸಿಕ್ಕಿತು. ದೊಡ್ಡ ಸಂಪು ಇತ್ತು. ಯಜಮಾನರ ಕೆಲಸ ಹುಬ್ಬಳ್ಳಿಯಲ್ಲಿ, ನನ್ನದು ಧಾರವಾಡದಲ್ಲಿ. ನವನಗರ ನಡುವೆ ಬರುತ್ತದೆ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣಕ್ಕೆ ಮನೆಯಿಂದ ಏಳು ನಿಮಿಷ. ಅದನ್ನೂ ನಾನು ಬೆಳಿಗ್ಗೆ ಎಂಟೂವರೆಗೆ, ಜನ ತುಂಬಿರುವ ಹೊತ್ತಿಗೇ ನಡೆದು ನೋಡಿದೆ. ಭಾನುವಾರ ಮಧ್ಯಾಹ್ನ ನೋಡಿದರೆ ಯಾವ ದಾರಿಯೂ ಹತ್ತಿರವೇ ಅನಿಸುತ್ತದೆ, ಅಲ್ವಾ?

ಸಾಮಾನು ಸಾಗಿಸಲು ಮೇ ಎರಡನೇ ವಾರ ಇಟ್ಟುಕೊಂಡೆವು. ಮೇ ಕೊನೆಗೆ ಶಾಲೆ ಶುರು. ಜೂನ್ ಬಂದರೆ ಧಾರವಾಡದ ಜಿಟಿಜಿಟಿ ಮಳೆ. ಹಾಸಿಗೆ ನೆನೆದರೆ ಒಣಗಿಸಲು ಬಿಸಿಲೇ ಸಿಗುವುದಿಲ್ಲ.

ಮಗಳ ಟಿಸಿಯಲ್ಲಿ ಮಾತ್ರ ನಾನು ಎಡವಿದೆ. ಕೊಟ್ಟದ್ದನ್ನು ಓದದೆ ಚೀಲಕ್ಕೆ ಹಾಕಿಕೊಂಡು ಬಂದೆ. ಹೊಸ ಶಾಲೆಯಲ್ಲಿ ನೋಡಿದರೆ ಹೆಸರಿನ ಒಂದು ಅಕ್ಷರ ಆಧಾರ್‌ಗೆ ಹೊಂದುತ್ತಿರಲಿಲ್ಲ. ಅದೊಂದು ಅಕ್ಷರಕ್ಕೆ ಎರಡು ಸಲ ರಜೆ ಹಾಕಿ ಗದಗಿಗೆ ಹೋದೆ. ಹೊಸ ಕೆಲಸದ ಎರಡನೇ ತಿಂಗಳಲ್ಲಿ ರಜೆ ಕೇಳುವುದು ಎಷ್ಟು ಕಷ್ಟ! ಹೆಸರು, ಹುಟ್ಟಿದ ದಿನಾಂಕ, ಸ್ಯಾಟ್ಸ್ ನಂಬರ್ (ಶಾಲಾ ದಾಖಲೆಯಲ್ಲಿ ಮಗುವಿಗೆ ಕೊಟ್ಟಿರುವ ಸಂಖ್ಯೆ) ಮೂರನ್ನೂ ಅಲ್ಲೇ ನಿಂತು ಓದಿಕೊಳ್ಳಿ.

ಗ್ಯಾಸ್ ಸುಲಭವಾಗಿ ಮುಗಿಯಿತು. ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಒಪ್ಪಿಸಿ ವೋಚರ್ ತಂದೆವು. ಹೊಸ ಸಿಲಿಂಡರ್ ಬರುವ ತನಕ ಇಂಡಕ್ಷನ್ ಒಲೆ. ಹಳೆ ಮನೆಯ ಮೀಟರಿನಲ್ಲಿದ್ದ ಗೃಹಜ್ಯೋತಿ ನೋಂದಣಿ ಬಿಡಿಸಿ ಹೊಸ ಮನೆಗೆ ಜೋಡಿಸಿದೆವು. ಎರಡೂ ಮನೆಯ ಮೀಟರ್ ರೀಡಿಂಗಿನ ಫೋಟೋ ಅದೇ ದಿನ ತೆಗೆದಿಟ್ಟೆ.

ಕಟ್ಟುವುದಕ್ಕೆ ಕಿರಾಣಿ ಅಂಗಡಿಯ ರಟ್ಟಿನ ಡಬ್ಬಿ, ಗೋಣಿಚೀಲ, ಸುತಳಿ ಸಾಕಾಯಿತು. ಸ್ಟೀಲ್ ಡಬ್ಬಿಗಳಲ್ಲಿ ಹಳೆ ಸೀರೆ ಸುತ್ತಿದ ಗಾಜಿನ ಸಾಮಾನು. ಒಂದು ಚೀಲ ಮಾತ್ರ ಬೇರೆ ಇಟ್ಟು ನನ್ನ ಕೈಯಲ್ಲೇ ಹಿಡಿದೆ: ಕಾಗದಪತ್ರ, ಅತ್ತೆಯವರ ಗುಳಿಗೆ, ಹಾಲು ಉಕ್ಕಿಸಲು ಪಾತ್ರೆ, ಮೂರು ದಿನಕ್ಕಾಗುವಷ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಮೊದಲ ಮೂರು ದಿನ ಅಡುಗೆಯ ಚಿಂತೆಯೇ ಬರಲಿಲ್ಲ. ಬ್ಯಾರಲ್ಲುಗಳನ್ನು ಯಾರಿಗೂ ಕೊಡದೆ ಲಾರಿಗೆ ಹಾಕಿಸಿದ್ದು ಒಳ್ಳೆಯದಾಯಿತು. ಮೊದಲ ವಾರವೇ ಬೇಕಾದವು.

ಇಷ್ಟೆಲ್ಲ ಲೆಕ್ಕ ಹಾಕಿದ ನಾನು ಅತ್ತೆಯವರ ಬಗ್ಗೆ ಲೆಕ್ಕ ಹಾಕಲಿಲ್ಲ. ಗದಗಿನಲ್ಲಿ ಸಂಜೆಯಾದರೆ ವೀರನಾರಾಯಣನ ಗುಡಿಗೆ ಹೋಗುತ್ತಿದ್ದರು. ಗೆಳತಿಯರು ಅಲ್ಲೇ ಸಿಗುತ್ತಿದ್ದರು. ಇಲ್ಲಿ ಎರಡು ವಾರ ಬಾಗಿಲು ದಾಟಲಿಲ್ಲ. ಊಟವೂ ಕಡಿಮೆಯಾಯಿತು. ಏಪ್ರಿಲ್‌ನಲ್ಲೇ ಒಮ್ಮೆ ಕರೆತಂದು ಮನೆ ತೋರಿಸಿ, ಅಕ್ಕಪಕ್ಕದವರ ಪರಿಚಯ ಮಾಡಿಸಬೇಕಿತ್ತು. ಒಂದು ಭಾನುವಾರದ ಕೆಲಸ ಅದು. ಆಮೇಲೆ ನಾನು ಬೇಗ ಬಂದು ಸಂಜೆ ಅವರ ಜೊತೆ ಹತ್ತಿರದ ಗುಡಿಯ ತನಕ ನಡೆಯತೊಡಗಿದೆ. ಜುಲೈ ಹೊತ್ತಿಗೆ ಪಕ್ಕದ ಮನೆಯವರು ಅವರನ್ನು ಕರೆಯಲು ತಾವೇ ಬರುತ್ತಿದ್ದರು.